ಕಿಂಡಿಗೆ ಹಾಕಿದ ಪೊರೆ

ಅಡ್ಡಗೋಡೆಯ ಕಿಂಡಿಗೆ ಆ ಹಾಳು ಪೊರೆಯನ್ನು ಅಂಟಿಸಿದವಳು ಅಕ್ಕನೇ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಆಮೇಲೆ ಎಲ್ಲರೂ ಸೇರಿ ತಂಗಿಯ ತಲೆಗೆ ಕಟ್ಟುತ್ತಾರೆ. ಅಂಟಿಸು ಎಂದು ಅಕ್ಕನಿಗೆ ಯಾರೂ ಹೇಳಿರಲಿಲ್ಲ, ಯಾರೂ ಕೈಕಾಲು ಹಿಡಿದಿರಲಿಲ್ಲ. ರಜೆಯ ದಿನ, ಬೆಳಗಿನ ಟೀ ಕುಡಿದು, ಸ್ಟೂಲು ಹತ್ತಿ, ಅಂಟು ಬಳಿದು, ತಾನೇ ಕೂರಿಸಿದಳು. ಕೂರಿಸಿ ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಆಹಾ, ಇನ್ನು ಬೆಳಕೂ ಬರುತ್ತೆ, ತಲೆನೋವೂ ತಪ್ಪುತ್ತೆ," ಎಂದು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡಳು.

ತಲೆನೋವು ಅಂದರೆ ತಂಗಿಯ ಹೊಲಿಗೆ ಮಿಷನ್ನು. ಗೋಡೆಯ ಆ ಕಡೆ ಅದು ಬೆಳಗಿನಿಂದ ಸಂಜೆಯವರೆಗೆ ಕಟಕಟ ಎನ್ನುತ್ತಿತ್ತು. ಕತ್ತರಿಸಿದ ಬಟ್ಟೆಯ ಧೂಳು ಕಿಂಡಿಯಿಂದ ಈ ಕಡೆ ಬಂದು ಅಕ್ಕನ ಹಾಸಿಗೆಯ ಮೇಲೆ ಕೂರುತ್ತಿತ್ತು.

ಗೋಡೆ ಯಾಕೆ ಬಂತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಮನೆ ಅಪ್ಪ ಅಮ್ಮ ಬಿಟ್ಟುಹೋದದ್ದು. ಉದ್ದನೆಯ ಒಂದೇ ಹಜಾರ, ಈ ತುದಿಗೊಂದು ಬಾಗಿಲು, ಆ ತುದಿಗೊಂದು ಬಾಗಿಲು. ಅಕ್ಕ ತಂಗಿ ಒಟ್ಟಿಗೇ ಇದ್ದರು. ಅಕ್ಕನಿಗೆ ಒಬ್ಬಳು ಮಗಳು, ಎಲ್ಲರ ಬಾಯಲ್ಲೂ ಗುಬ್ಬಿ. ಗುಬ್ಬಿಯ ಅಪ್ಪ ಇನ್ನೆಲ್ಲೋ ಇನ್ನೊಂದು ಸಂಸಾರ ಹೂಡಿಕೊಂಡು ಕೂತಿದ್ದ, ಅವನ ಸುದ್ದಿ ನಮಗೆ ಬೇಡ. ತಂಗಿ ಮದುವೆಯ ಗೋಜಿಗೇ ಹೋದವಳಲ್ಲ. ಮನೆಯಲ್ಲಿ ಬಟ್ಟೆ ಹೊಲಿಯುತ್ತ, ಅಕ್ಕ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುತ್ತ, ತನ್ನ ಪಾಡಿಗೆ ತಾನಿದ್ದಳು. ಕೆಟ್ಟದ್ದು ಒಂದು ಜ್ವರದಿಂದ. ಗುಬ್ಬಿಗೆ ಮೈ ಕೆಂಡವಾಗಿ, ಅಕ್ಕ ಪಾಳಿ ಬಿಟ್ಟು ಬರಲಾಗದೆ, ತಂಗಿ ಒಬ್ಬಳೇ ಮಗುವನ್ನು ಎತ್ತಿಕೊಂಡು ಡಾಕ್ಟರ ಬಳಿ ಓಡಿದ್ದಳು, ಔಷಧಿ ಕುಡಿಸಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳು. ಅಕ್ಕ ಮನೆಗೆ ಬಂದವಳೇ, ಹೆದರಿಕೆಗೋ ಸುಸ್ತಿಗೋ, "ಇಷ್ಟು ಏರೋವರೆಗೂ ಏನ್ ಮಾಡ್ತಿದ್ದೆ? ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ," ಎಂದುಬಿಟ್ಟಳು.

ಮುಂದಿನ ವಾರ ತಂಗಿ ಬಡಗಿಯನ್ನು ಕರೆಸಿ ಹಜಾರದ ನಡುವೆ ಹಲಗೆಯ ಗೋಡೆ ಹಾಕಿಸಿದಳು. ಆದರೂ ಕರುಳು ಕೇಳಬೇಕಲ್ಲ, ಗುಬ್ಬಿಯ ಮುಖ ಕಾಣಲಿ ಎಂದು ಒಂದು ಕಿಂಡಿ ಬಿಡಿಸಿದಳು. ಮಗು ಅತ್ತಿಂದಿತ್ತ ಓಡಾಡುವುದೇನೂ ನಿಲ್ಲಲಿಲ್ಲ, ಶಾಲೆ ಬಿಟ್ಟೊಡನೆ ಚಿಕ್ಕಮ್ಮನ ಬಾಗಿಲಿಗೇ ಹೋಗುತ್ತಿತ್ತು. ನಿಂತದ್ದು ದೊಡ್ಡವರ ಮಾತು. ಜ್ವರದ ದಿನದ ಆ ಮಾತನ್ನು ಅಕ್ಕ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ತಂಗಿ ತೆಗೆದುಕೋ ಎಂದು ಕೇಳಲೂ ಇಲ್ಲ. ಇಬ್ಬರಿಗೂ ಜಂಭಕ್ಕೇನು ಕಡಿಮೆಯಿರಲಿಲ್ಲ.

ಇನ್ನು ಆ ಪೊರೆ. ಅಕ್ಕನಿಗೆ ಕೆಲಸ ಊರಾಚೆಯ ವಿದ್ಯುತ್ ಘಟಕದಲ್ಲಿ. ಬಿಸಿಲಿನಿಂದಲೂ ಗಾಳಿಯಿಂದಲೂ ಹುಟ್ಟಿದ ಕರೆಂಟನ್ನು ಹಗಲೆಲ್ಲ ಕೂಡಿಟ್ಟು ಸಂಜೆ ಊರಿಗೆ ಕೊಡುವ ಜಾಗ ಅದು. ಎಲ್ಲಿ ಕೂಡಿಡುತ್ತಾರೆ ಎಂದು ಕೇಳಿದರೆ, ನೀರಲ್ಲಿ ಎನ್ನಬೇಕು, ಕೇಳಿದವರು ನಗಬೇಕು. ಮನೆಯಷ್ಟು ಎತ್ತರದ ಎರಡು ಟ್ಯಾಂಕು, ಎರಡರಲ್ಲೂ ಆಮ್ಲದಲ್ಲಿ ಕರಗಿಸಿದ ಒಂದೇ ಲೋಹ. ಪುಸ್ತಕದಲ್ಲಿ ಅದಕ್ಕೆ ವಿದ್ಯುದ್ವಿಭಾಜ್ಯ ಎಂದು ಹೆಸರು. ಅದನ್ನು ಬಾಯಿ ತುಂಬ ಹೇಳಿ ಮುಗಿಸುವಷ್ಟರಲ್ಲಿ ಪಾಳಿಯೇ ಮುಗಿದುಹೋಗುತ್ತದೆ ಎಂದು ಅಲ್ಲಿ ಎಲ್ಲರೂ ನೀರು ಎಂದೇ ಕರೆಯುತ್ತಿದ್ದರು. ಬಿಸಿಲೇರಿ ಕರೆಂಟು ತುಂಬಿದಂತೆ ಒಂದು ಟ್ಯಾಂಕಿನ ಹಸಿರು ನೀರು ನೇರಳೆಯಾಗುತ್ತಿತ್ತು, ಇನ್ನೊಂದರ ನೀಲಿ ನೀರು ಹಳದಿಯಾಗುತ್ತಿತ್ತು. ಊರು ದೀಪ ಹಾಕಿದಾಗ ನೇರಳೆ ಮತ್ತೆ ಹಸಿರಿಗೂ ಹಳದಿ ಮತ್ತೆ ನೀಲಿಗೂ ಇಳಿಯುತ್ತಿತ್ತು. ಪಂಪುಗಳು ಎರಡೂ ನೀರನ್ನು ಎಳೆದು ತಂದು ನಡುವಿನ ಪೆಟ್ಟಿಗೆಗಳಲ್ಲಿ ಎದುರುಬದುರು ಹರಿಸುತ್ತಿದ್ದವು. ಆ ಎರಡರ ನಡುವೆ ಇದ್ದದ್ದು ಒಂದು ತೆಳು ಪೊರೆ, ಅಷ್ಟೇ. ಅಕ್ಕ ಆ ಪಂಪುಗಳ ಉಸ್ತುವಾರಿ.

"ಪೊರೆ ಅಂದ್ರೆ ಗೋಡೆ ಅಂದ್ಕೋಬೇಡಿ, ಅದು ಜರಡಿ," ಎನ್ನುತ್ತಿದ್ದರು ಮೇಷ್ಟ್ರು. ಅವರು ಪಾಠ ಹೇಳುವ ಮೇಷ್ಟ್ರಲ್ಲ, ಘಟಕದ ರಸಾಯನ ತಜ್ಞರು. ಆದರೆ ಯಾರು ಸಿಕ್ಕರೂ ನಿಲ್ಲಿಸಿಕೊಂಡು ಪಾಠ ಶುರುಮಾಡುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. "ಚಿಕ್ಕದನ್ನ ಬಿಡುತ್ತೆ, ದೊಡ್ಡದನ್ನ ತಡೆಯುತ್ತೆ. ಆದ್ರೂ ಎಂಥಾ ಪೊರೆ ಹಾಕಿ, ಸ್ವಲ್ಪ ಸ್ವಲ್ಪ ಕದ್ದು ದಾಟೇ ದಾಟುತ್ತೆ. ಆ ಕಡೆಯಿಂದ್ಲೂ ದಾಟುತ್ತೆ, ಈ ಕಡೆಯಿಂದ್ಲೂ ದಾಟುತ್ತೆ, ಕೊನೆಗೆ ನೋಡಿದ್ರೆ ಒಂದು ಕಡೆ ಇಳಿದಿರುತ್ತೆ, ಇನ್ನೊಂದು ಕಡೆ ಏರಿರುತ್ತೆ."

ಆ ವರ್ಷ ದೊಡ್ಡ ರಿಪೇರಿಯಲ್ಲಿ ಹಳೇ ಪೊರೆಗಳನ್ನೆಲ್ಲ ಕಿತ್ತು ಹೊಸದು ಹಾಕಿದರು. ಹಳೆಯವನ್ನು ಮನೆಗೆ ಒಯ್ಯಬಾರದು ಎಂದು ನಿಯಮ, ಒಯ್ಯದವರು ಯಾರೂ ಇಲ್ಲ. ತೊಳೆದು ಒಣಗಿಸಿದರೆ ಗಟ್ಟಿ ಹಾಳೆ, ಬೆಳಕು ಬಿಡುತ್ತದೆ, ಧೂಳು ಬಿಡುವುದಿಲ್ಲ. ಒಬ್ಬರು ಬಚ್ಚಲ ಕಿಟಕಿಗೆ ಹಾಕಿಕೊಂಡರು, ಒಬ್ಬರು ಕೋಳಿಗೂಡಿಗೆ. ಅಕ್ಕ ಕಿಂಡಿಗೆ ಹಾಕಿದಳು. ಎರಡು ಸಂಸಾರದ ನಡುವೆ ಅದನ್ನು ತಂದು ಕೂರಿಸಿದ ಪುಣ್ಯಾತ್ಗಿತ್ತಿ ಅವಳೊಬ್ಬಳೇ.

ಮೊದಲು ದಾಟಿದ್ದು ಸಕ್ಕರೆ. ನಗಬೇಡಿ. ಅಕ್ಕನಿಗೆ ಟೀಯಲ್ಲಿ ಸಕ್ಕರೆ ಅಂದರೆ ಮೊದಲಿನಿಂದಲೂ ಆಗದು, ತಂಗಿ ಕುಡಿಯುತ್ತಿದ್ದದ್ದು ಟೀ ಅಲ್ಲ, ಪಾಕ. ಒಂದು ಬೆಳಿಗ್ಗೆ ಅಕ್ಕನಿಗೆ ತನ್ನ ಟೀ ಬಾಯಿಗೆ ಹಿಡಿಸಲಿಲ್ಲ. ಒಂದು ಚಮಚ ಹಾಕಿದಳು, ಸಾಲಲಿಲ್ಲ, ಇನ್ನೊಂದು ಹಾಕಿದಳು, ಆಮೇಲೆ ಡಬ್ಬಿಯನ್ನೇ ಬಗ್ಗಿಸಿದಳು. ಗುಬ್ಬಿ ಆ ಕಡೆಯಿಂದ ಸುದ್ದಿ ತಂದಳು. "ಅಮ್ಮಾ, ಚಿಕ್ಕಮ್ಮಂಗೆ ಸಕ್ಕರೆ ಕಂಡ್ರೆ ವಾಕರಿಕೆ ಬರುತ್ತಂತೆ!"

"ವಯಸ್ಸಾಯ್ತು ಕಣೇ ನಿನ್ ಚಿಕ್ಕಮ್ಮಂಗೆ," ಎಂದು ಅಕ್ಕ ನಕ್ಕಳು.

ಆಮೇಲೆ ಸೂಜಿ. ಸೂಜಿಗೆ ದಾರ ಪೋಣಿಸು ಅಂದರೆ ಅಕ್ಕನಿಗೆ ಪ್ರಾಣಸಂಕಟ, ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಓಡಾಡುವವಳು. ಅವತ್ತು ಗುಬ್ಬಿಯ ಶಾಲೆಯ ಅಂಗಿ ಹಿಡಿದು ಕೂತಳು, ದಾರ ಒಂದೇ ಏಟಿಗೆ ಹೊಕ್ಕಿತು. ಬೆರಳು ತಮ್ಮಷ್ಟಕ್ಕೆ ಗಂಟು ಹಾಕಿದವು, ಹಲ್ಲು ತಮ್ಮಷ್ಟಕ್ಕೆ ದಾರ ಕಡಿದವು. ಹೊಲಿಗೆ ಎಷ್ಟು ಸಣ್ಣಗೆ ಬಿದ್ದಿತ್ತೆಂದರೆ ಅಕ್ಕನಿಗೆ ಖುಷಿಯಾಗುವ ಬದಲು ಮೈ ಜುಮ್ಮೆಂದಿತು. ಗೋಡೆಯ ಆ ಕಡೆ ಮಿಷನ್ನು ನಿಂತು ನಿಂತು ಓಡುತ್ತಿತ್ತು, ಗಿರಾಕಿಯೊಬ್ಬಳು ರವಿಕೆಯ ತೋಳು ಸೊಟ್ಟಗಾಗಿದೆ ಎಂದು ಜಗಳ ತೆಗೆದಿದ್ದಳು. ಎಷ್ಟೋ ವರ್ಷದಿಂದ ತಂಗಿಯ ಕೈಯಲ್ಲಿ ಒಂದು ತೋಳೂ ಸೊಟ್ಟಗಾಗಿರಲಿಲ್ಲ.

ಆಮೇಲೆ ಮಣಿಕಟ್ಟಿನ ಕಲೆ. ಘಟಕದ ನೀರು ಹನಿ ಸಿಡಿದು ಸುಟ್ಟ ಗುರುತು ಅಕ್ಕನ ಎಡಗೈ ಮೇಲೆ ಕಾಸಿನಗಲ ಇತ್ತು. ಒಂದು ದಿನ ಕೈ ತೊಳೆಯುವಾಗ ನೋಡಿದರೆ ಇಲ್ಲ. ಉಜ್ಜಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಅವತ್ತು ಸಂಜೆ ಹಿತ್ತಲಲ್ಲಿ ತಂಗಿ ಬಟ್ಟೆ ಒಣಹಾಕಲು ಕೈ ಎತ್ತಿದಾಗ ಅವಳ ಎಡಗೈ ಮೇಲೆ ಕಂಡಿತು. ಅದೇ ಜಾಗ, ಅದೇ ಆಕಾರ.

"ಏನಾಯ್ತೇ ಕೈಗೆ?" ಎಂದು ಕೇಳದೆ ಇರಲಾಗಲಿಲ್ಲ ಅಕ್ಕನಿಗೆ.

"ಇಸ್ತ್ರಿ ಪೆಟ್ಟಿಗೆ ತಾಗಿರ್ಬೇಕು," ಎಂದಳು ತಂಗಿ. ಹೇಳಿ ತಾನೂ ಅದನ್ನು ಒಂದು ಥರ ನೋಡಿಕೊಂಡಳು.

ಅಕ್ಕ ಹೆದರಿದಳಾ? ಇಲ್ಲ. ಸಕ್ಕರೆ ಹೋದರೆ ಹೋಗಲಿ, ಸುಟ್ಟ ಕಲೆ ಹೋದರೆ ಇನ್ನೂ ಒಳ್ಳೇದು. ಮನುಷ್ಯರೇ ಹಾಗೆ, ಬೇಡದ್ದು ಹೋಗುವಾಗ ಬಾಗಿಲು ತೆರೆದಿದೆ ಎಂದು ಯೋಚಿಸುವುದಿಲ್ಲ.

ಒಂದು ಮಧ್ಯಾಹ್ನ ಅಕ್ಕ ಬೇಗ ಮನೆಗೆ ಬಂದು ಅಡ್ಡಗೋಡೆಯ ಪಕ್ಕದ ಹಾಸಿಗೆಯ ಮೇಲೆ ಕಾಲು ಚಾಚಿದ್ದಳು. ಆ ಕಡೆ ಗುಬ್ಬಿಯ ದನಿ, ತಂಗಿಯ ದನಿ. ಮಾತು ಪೊರೆಯಲ್ಲಿ ಸೋಸಿ ಬರುತ್ತಿತ್ತು, ಮೆತ್ತಗೆ, ಆದರೆ ಸ್ಪಷ್ಟವಾಗಿ.

"ನಾನು ಹುಟ್ಟಿದ ಕಥೆ ಹೇಳು," ಎನ್ನುತ್ತಿದ್ದಳು ಗುಬ್ಬಿ.

"ನೀನು ಹುಟ್ಟೋವಾಗ ಮೇಲೆ ಫ್ಯಾನು ಒಂದೇ ಸಮ ಕಿರುಗುಟ್ತಾ ಇತ್ತು," ಎಂದಳು ತಂಗಿ. "ನಾನು ಮಂಚದ ಕಂಬಿ ಹಿಡ್ಕೊಂಡಿದ್ದೆ. ಕಂಬಿ ಬಣ್ಣ ಎದ್ದು ಅಂಗೈಗೆ ಚುಚ್ತಿತ್ತು. ನರ್ಸಮ್ಮ ಕಿರುಚಬೇಡ, ಉಸಿರು ಉಳಿಸ್ಕೋ ಅಂದ್ಲು. ಆಮೇಲೆ ನಿನ್ನ ತಂದು ನನ್ನ ಎದೆ ಮೇಲೆ ಇಟ್ರು. ಒದ್ದೆ ಒದ್ದೆ, ಬೆಚ್ಚಗೆ. ನೀನು ಒಂದು ಕಣ್ಣು ಮಾತ್ರ ಬಿಟ್ಟಿದ್ದೆ."

ಅಕ್ಕ ಧಡಕ್ಕನೆ ಎದ್ದು ಕೂತಳು. ಆ ಫ್ಯಾನು ಅವಳದು. ಆ ಕಂಬಿ, ಆ ನರ್ಸು, ಆ ಒಂದು ಕಣ್ಣು, ಎಲ್ಲ ಅವಳದು. ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ. ಆ ಕೋಣೆಯೊಳಗೆ ತಂಗಿಯನ್ನು ಬಿಟ್ಟೇ ಇರಲಿಲ್ಲ. ಸುಳ್ಳಿ, ಕಳ್ಳಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಅಕ್ಕ ಕಣ್ಣು ಮುಚ್ಚಿ ಆ ದಿನವನ್ನು ತಾನೇ ನೆನೆಸಿಕೊಳ್ಳಲು ಹೋದಳು. ಫ್ಯಾನು ಬರಲಿಲ್ಲ. ಕಂಬಿ ಬರಲಿಲ್ಲ. ಬಂದದ್ದು ಆಸ್ಪತ್ರೆಯ ಉದ್ದನೆಯ ಮೊಗಸಾಲೆ. ತಣ್ಣನೆಯ ಕಲ್ಲುಬೆಂಚು, ಫಿನಾಯಿಲ್ ವಾಸನೆ, ಕೈಯಲ್ಲಿ ಆರಿಹೋದ ಸಿಹಿ ಟೀ. ಮುಚ್ಚಿದ ಬಾಗಿಲು ತೆರೆಯಿತು, ನರ್ಸು ತಲೆ ಹಾಕಿ ನೇರವಾಗಿ ಅವಳನ್ನೇ ನೋಡಿ ನಕ್ಕಳು. "ಹೆಣ್ಣು ಮಗು ಕಣ್ರೀ. ನಿಮ್ಮಕ್ಕ ಚೆನ್ನಾಗಿದ್ದಾರೆ."

ನಿಮ್ಮಕ್ಕ. ಅಕ್ಕ ಎರಡೂ ಕೈಯಲ್ಲಿ ತನ್ನ ಹೊಟ್ಟೆಯನ್ನು ಹಿಡಿದುಕೊಂಡಳು. ಹೊಟ್ಟೆಗೂ ಏನೂ ನೆನಪಿದ್ದಂತೆ ಕಾಣಲಿಲ್ಲ.

ತಲೆ ಎತ್ತಿ ಪೊರೆಯನ್ನು ಸರಿಯಾಗಿ ನೋಡಿದ್ದು ಆಗಲೇ. ತಾನು ಅಂಟಿಸಿದಾಗ ಸಪಾಟಾಗಿ, ಒಣಗಿ, ಗರಿಗರಿ ಎನ್ನುತ್ತಿದ್ದ ಹಾಳೆ ಅದು. ಈಗ ಆ ಕಡೆಗೆ ಉಬ್ಬಿಕೊಂಡಿತ್ತು, ಈ ಕಡೆಯಿಂದ ಯಾರೋ ಬೆನ್ನು ಕೊಟ್ಟು ಒರಗಿದ ಹಾಗೆ. ಮುಟ್ಟಿದರೆ ಹಸಿ. ಹಸಿ ಮಾತ್ರವಲ್ಲ, ಬೆಚ್ಚಗೆ. ಇವಳ ಕಡೆ ಅದಕ್ಕೆ ಹಸಿರು ಬಣ್ಣ ಬಂದಿತ್ತು, ಸಂಜೆಯ ಹೊತ್ತು ಎಲ್ಲ ಕೊಟ್ಟು ಖಾಲಿಯಾದ ಟ್ಯಾಂಕಿನ ಹಸಿರು. ಆ ಕಡೆ ಯಾವ ಬಣ್ಣ ಇರಬಹುದು ಎಂದು ಅಕ್ಕ ಯಾರನ್ನೂ ಕೇಳಬೇಕಾಗಿರಲಿಲ್ಲ.

ಸಂಜೆ ಗುಬ್ಬಿ ಒಳಗೆ ಬಂದು ಚೀಲ ಎಸೆದು, "ದೊಡ್ಡಮ್ಮಾ, ನೀರು ಕೊಡು," ಎಂದಳು.

ಅಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಏನಂದೆ?"

"ನೀರು."

"ಅದಲ್ಲ. ಏನಂತ ಕರೆದೆ ನನ್ನ?"

ಗುಬ್ಬಿ ಮುಖ ಮುಖ ನೋಡಿದಳು. ಚೇಷ್ಟೆ ಮಾಡುವ ಮಗುವಿನ ಮುಖವಲ್ಲ ಅದು. "ದೊಡ್ಡಮ್ಮ ಅಂದೆ. ನೀನು ಅಮ್ಮನ ಅಕ್ಕ ಅಲ್ವಾ?"

"ನಾನೇ ಅಮ್ಮ ಕಣೇ, ಹುಚ್ಚಿ! ಅಮ್ಮ ಅನ್ನು. ಅನ್ನೇ!" ಅಕ್ಕ ಮಗುವಿನ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು.

"ಅಮ್ಮ," ಎಂದಳು ಗುಬ್ಬಿ. ನೆಂಟರ ಮನೆಯಲ್ಲಿ ದೊಡ್ಡವರು ಹೇಳು ಎಂದದ್ದನ್ನು ಮಕ್ಕಳು ಹೇಳುತ್ತವಲ್ಲ, ಹಾಗೆ. "ನಾನು ಮನೆಗೆ ಹೋಗ್ತೀನಿ," ಎಂದು ಅಳುತ್ತ ಆ ಕಡೆಯ ಬಾಗಿಲಿಗೆ ಓಡಿದಳು.

ಅಕ್ಕ ಆಮೇಲೆ ಅತ್ತದ್ದನ್ನು ನಾನು ಹೇಳುವುದಿಲ್ಲ. ಮಗಳು ಕೈತಪ್ಪಿ ಹೋಗುತ್ತಿದ್ದಾಳೆ ಎಂದು ಗೊತ್ತಾದ ತಾಯಿ ಹೇಗೆ ಅಳುತ್ತಾಳೋ ಹಾಗೇ ಅತ್ತಳು. ಅಳುವಷ್ಟು ತಾಯ್ತನವಾದರೂ ಇನ್ನೂ ಉಳಿದಿದೆಯಲ್ಲ ಎಂದು ನಡುವೆ ಒಮ್ಮೆ ಸಮಾಧಾನವೂ ಆಯಿತು.

ಮರುದಿನ ಘಟಕದಲ್ಲಿ ಮೇಷ್ಟ್ರನ್ನು ಹಿಡಿದಳು. ಅವರು ಗಾಜಿನ ಶೀಶೆಯಲ್ಲಿ ನೇರಳೆ ನೀರು ಹಿಡಿದು ಕಿಟಕಿಯ ಬೆಳಕಿಗೆ ನೋಡುತ್ತಿದ್ದರು.

"ಮೇಷ್ಟ್ರೇ, ಒಂದು ಕಡೆ ಪೂರ್ತಿ ಇಳೀತಾ ಇದೆ. ಎಲ್ಲ ಆ ಕಡೆ ದಾಟ್ತಾ ಇದೆ. ಏನ್ ಮಾಡೋದು?"

"ಯಾವ ಟ್ಯಾಂಕಮ್ಮಾ?"

"ಯಾವುದೋ ಒಂದು ಅಂದ್ಕೊಳ್ಳಿ. ಪೊರೆ ಕಿತ್ತು ಬಿಸಾಕಿದ್ರೆ?"

ಮೇಷ್ಟ್ರು ಶೀಶೆ ಕೆಳಗಿಟ್ಟು ಅವಳನ್ನೇ ನೋಡಿದರು. "ತಲೆ ಕೆಟ್ಟಿದೆಯಾ? ಎರಡೂ ಕೂಡಿ ಒಂದೇ ಬಣ್ಣ ಆಗುತ್ತೆ. ಇರೋದೆಲ್ಲ ಸುಮ್ನೆ ಬಿಸಿಯಾಗಿ ಹೋಗುತ್ತೆ. ಅದ್ರಲ್ಲೂ ಏನೂ ಇರಲ್ಲ, ಇದ್ರಲ್ಲೂ ಏನೂ ಇರಲ್ಲ."

ಅಕ್ಕನ ಕಣ್ಣ ಮುಂದೆ ಗುಬ್ಬಿ ಬಂದಳು, ಹಜಾರದ ನಡುವೆ ನಿಂತು, ಇಬ್ಬರನ್ನೂ ನೋಡಿ, ಯಾರನ್ನೂ ಏನೂ ಕರೆಯದೆ ನಿಂತ ಗುಬ್ಬಿ. ಬೇಡಪ್ಪಾ ಬೇಡ ಎಂದುಕೊಂಡಳು.

"ಹಾಗಾದ್ರೆ ಹೋದದ್ದು ವಾಪಸ್ ಬರೋದೇ ಇಲ್ವಾ?"

"ಯಾಕೆ ಬರಲ್ಲ? ಬದಿ ಬದಲಾಯ್ಸಿ. ಎಡಗಡೇದನ್ನ ಬಲಕ್ಕೆ ಕೊಡಿ, ಬಲಗಡೇದನ್ನ ಎಡಕ್ಕೆ ಕೊಡಿ, ಹೋದ ದಾರೀಲೇ ತಿರುಗಿ ಬರುತ್ತೆ. ಆದ್ರೆ ಮೊದ್ಲು ಎರಡನ್ನೂ ಪೂರ್ತಿ ಇಳಿಸ್ಬೇಕು, ಅಂದ್ರೆ ತುಂಬಿರೋದನ್ನೆಲ್ಲ ಖಾಲಿ ಮಾಡ್ಬೇಕು. ತುಂಬಿದ್ದಾಗ್ಲೇ ಬದಲಾಯ್ಸಿದ್ರೆ ಮುಗೀತು ಕಥೆ, ಉಳಿದಿರೋದೂ ಒಂದೇ ಸಲ ನುಗ್ಗಿ ಹೋಗುತ್ತೆ. ಮೊದ್ಲು ಇಳಿಸೋದು, ಆಮೇಲೆ ಬದಲಾಯ್ಸೋದು. ಗೊತ್ತಾಯ್ತಾ?"

"ನನಗೇ ಹೇಳಿಕೊಡ್ತೀರಾ ಮೇಷ್ಟ್ರೇ? ಎಷ್ಟು ಸಲ ಇಳಿಸಿದೀನಿ ಈ ಕೈಯಲ್ಲಿ!" ಎಂದಳು ಅಕ್ಕ. ನಿಜವೇ. ಆ ಕೆಲಸ ಅವಳು ನಿದ್ದೆಗಣ್ಣಲ್ಲೂ ಮಾಡಬಲ್ಲವಳು.

ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಲೆಕ್ಕ ಹಾಕಿದಳು. ಟ್ಯಾಂಕನ್ನು ಇಳಿಸುವುದು ಗೊತ್ತು, ಮನುಷ್ಯರನ್ನು ಇಳಿಸುವುದು ಹೇಗೆ? ಇಬ್ಬರಲ್ಲೂ ತುಂಬಿಕೊಂಡು ಕೂತಿರುವುದು ಏನು? ಬಹಳ ಹುಡುಕಬೇಕಾಗಲಿಲ್ಲ. ಹೆತ್ತಿದ್ದರೆ ಗೊತ್ತಾಗುತ್ತಿತ್ತು ಎಂದ ಆ ಒಂದು ಮಾತು. ಅದನ್ನು ಇಳಿಸಬೇಕು. ತಪ್ಪಾಯ್ತು ಕಣೇ ಎನ್ನಬೇಕು. ಹೆತ್ತದ್ದು ನಾನಾದರೂ ಸಾಕಿದ್ದು ನೀನೇ ಎನ್ನಬೇಕು. ತಂಗಿ ಬೈದರೆ ಬೈಸಿಕೊಳ್ಳಬೇಕು, ಅವಳೂ ಅಳಲಿ, ತಾನೂ ಅಳಲಿ, ಇಬ್ಬರ ಎದೆಯೂ ಬರಿದಾಗಲಿ. ಆಮೇಲೆ ಜಾಗ ಬದಲಾಯಿಸುವುದು. ಜಂಭ ಹಾಳಾಗಿ ಹೋಗಲಿ, ಮಗಳು ಸಿಕ್ಕರೆ ಸಾಕು. ತಪ್ಪಾಯ್ತು ಕಣೇ, ತಪ್ಪಾಯ್ತು ಕಣೇ ಎಂದು ದಾರಿಯುದ್ದಕ್ಕೂ ಬಾಯಲ್ಲೇ ಹೇಳಿಕೊಂಡು ಬಂದಳು. ಪಕ್ಕದಲ್ಲಿ ಕೂತ ಹೆಂಗಸು ಒಂದಿಷ್ಟು ಆಚೆ ಸರಿದು ಕೂತಳು.

ತನ್ನ ಬಾಗಿಲಿಗೆ ಬಂದು ಚೀಲ ಒಳಗಿಟ್ಟಳು. ಒಳಗಿಡುವುದಕ್ಕೆ ಅಡ್ಡಗೋಡೆಯ ಪಕ್ಕದಲ್ಲೇ ಹಾಯಬೇಕಿತ್ತು. ಹಾಯುವಾಗ ಕಿಂಡಿಯ ಕಡೆಯಿಂದ ತಣ್ಣನೆಯದೇನೋ ಕೆನ್ನೆಗೆ ಸೋಕಿದಂತಾಯಿತು. ಕೈಯಿಂದ ಒರೆಸಿಕೊಂಡು, ಹಿತ್ತಲನ್ನು ಸುತ್ತಿ, ತಂಗಿಯ ಬಾಗಿಲು ತಟ್ಟಿದಳು.

ತಂಗಿ ಬಾಗಿಲು ತೆರೆದಳು. ಕೈಯಲ್ಲಿ ಸಕ್ಕರೆ ಇಲ್ಲದ ಕರಿ ಟೀ. ಇನ್ನೊಂದು ಕೈ ಸೊಂಟದ ಮೇಲೆ. ಆ ನಿಲುವನ್ನು ಅಕ್ಕ ಎಲ್ಲೋ ನೋಡಿದ್ದಳು, ಎಲ್ಲಿ ಎಂದು ಹೊಳೆಯಲಿಲ್ಲ. ಒಳಗೆ ಗುಬ್ಬಿ ಹೊಟ್ಟೆಯಡಿ ದಿಂಬು ಹಾಕಿಕೊಂಡು ಚಿತ್ರ ಬರೆಯುತ್ತಿದ್ದಳು.

"ಜಾಗ ಬದಲಾಯ್ಸೋಣ," ಎಂದಳು ಅಕ್ಕ. "ನೀನು ಆ ಕಡೆ ಹೋಗು, ನಾನು ಈ ಕಡೆ ಇರ್ತೀನಿ. ಯಾಕೆ ಅಂತ ಕೇಳ್ಬೇಡ."

ತಂಗಿ ಯಾಕೆ ಎಂದು ಕೇಳಲಿಲ್ಲ. ಟೀ ಲೋಟವನ್ನು ಮೆಲ್ಲಗೆ ಹೊಸಿಲ ಪಕ್ಕದಲ್ಲಿಟ್ಟಳು. "ಮೊದ್ಲು ಇಳಿಸ್ಬೇಕಲ್ವಾ ಅಕ್ಕಾ?" ಎಂದಳು.

ಘಟಕದ ಗೇಟನ್ನೂ ದಾಟಿದವಳಲ್ಲ ಇವಳು. ಕತ್ತರಿ, ಟೇಪು, ಮಿಷನ್ನು ಬಿಟ್ಟರೆ ಇವಳಿಗೇನು ಗೊತ್ತು? ಆದರೆ ಅದಕ್ಕಿಂತ ಹೆದರಿಸಿದ್ದು ಬೇರೆ. ತಂಗಿ ಹೇಳಿದ್ದು ಏನು ಎಂದು ಅಕ್ಕನಿಗೇ ಅರ್ಥವಾಗಲಿಲ್ಲ.

"ಏನನ್ನ?" ಎಂದು ಕೇಳಿದಳು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು.

ಏನೋ ಇತ್ತು. ಬಸ್ಸಿನಲ್ಲಿ ಇತ್ತು, ಬಾಯಲ್ಲೇ ಇಟ್ಟುಕೊಂಡು ಬಂದಿದ್ದಳು. ಹಲ್ಲು ಬಿದ್ದ ಜಾಗದಲ್ಲಿ ನಾಲಿಗೆ ಆಡಿದ ಹಾಗೆ ಅಕ್ಕ ಒಳಗೆಲ್ಲ ತಡಕಾಡಿದಳು. ಜಾಗ ಇತ್ತು, ಅದು ಇರಲಿಲ್ಲ.

ತಂಗಿ ಕಾದಳು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ಕಣ್ಣು ತುಂಬಿಕೊಂಡು, ಬಹಳ ಹೊತ್ತು ಕಾದಳು. ಇದನ್ನೂ ಹೇಳಲೇಬೇಕು, ಅವಳು ಅವಕಾಶ ಕೊಡಲಿಲ್ಲ ಎಂದು ಯಾರೂ ಅನ್ನಬಾರದು.

"ಯೋಚ್ನೆ ಮಾಡಕ್ಕಾ. ನಾನು ಹೇಳಿದ್ರೆ ಆಗಲ್ಲ. ನಿನ್ ಬಾಯಿಂದಾನೇ ಬರ್ಬೇಕು ಅದು."

ಅಕ್ಕ ಯೋಚಿಸಿದಳು. ಹಣೆ ಉಜ್ಜಿಕೊಂಡಳು. "ಏನನ್ನ ಇಳಿಸೋದು? ಅಟ್ಟದ ಮೇಲಿನ ಪೆಟ್ಟಿಗೇನಾ?"

ತಂಗಿ ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಒಳಗೆ ಚಿತ್ರ ಬರೆಯುತ್ತಿದ್ದ ಮಗುವಿನ ಕಡೆ ನೋಡಿದಳು. ಮುಂಗೈಯಿಂದ ಮೂಗು ಒರೆಸಿಕೊಂಡಳು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು, ನೆನಪು ಮಾಡಿಕೊಟ್ಟಿದ್ದರೆ ಆಗುತ್ತಿತ್ತೇನೋ. ಹೇಳಲಿಲ್ಲ. ಮಡಿಲಿಗೆ ಬಂದ ಮಗುವನ್ನು ಯಾರು ತಾನೇ ಎತ್ತಿ ಕೊಟ್ಟಾರು?

"ಏನಿಲ್ಲ ಬಿಡು," ಎಂದಳು. "ಹಾಸಿಗೆ ತಗೊಂಡು ಬಾ."

ಬೆಳಕಿರುವಾಗಲೇ ಜಾಗ ಬದಲಾಯಿತು. ಸಾಗಿಸುವುದೇನು ಮಹಾ ಇತ್ತು? ಬಟ್ಟೆ, ಹಾಸಿಗೆ. ಹೊಲಿಗೆ ಮಿಷನ್ನು ಭಾರ, ಅದು ಇದ್ದಲ್ಲೇ ಇರಲಿ ಎಂದರು. ಗುಬ್ಬಿ ತನ್ನ ದಿಂಬನ್ನು ಎದೆಗವುಚಿಕೊಂಡು, ಯಾರೂ ಹೇಳದೆ, ತಂಗಿಯ ಹಿಂದೆಯೇ ಹೋದಳು. ಅಕ್ಕ ತಡೆಯಲಿಲ್ಲ. ಈಗ ಎಲ್ಲ ವಾಪಸ್ ಬರುತ್ತದೆ, ಇನ್ನೇನು ಶುರುವಾಗುತ್ತದೆ ಎಂದು ಗೋಡೆಗೆ ಮುಖಮಾಡಿ ಮಂಚದ ತುದಿಯಲ್ಲಿ ಕೂತಳು.

ಈ ಕಡೆಯಿಂದ ಪೊರೆ ನೇರಳೆ. ಎಷ್ಟು ಚೆಂದದ ನೇರಳೆ ಎಂದರೆ, ಬಿಸಿಲು ತಲೆಯ ಮೇಲೆ ನಿಂತ ಹೊತ್ತಿನಲ್ಲಿ ತುಂಬಿ ತುಳುಕುವ ಟ್ಯಾಂಕಿನ ಬಣ್ಣ. ಇವಳ ಕಡೆಗೆ ಉಬ್ಬಿತ್ತು. ಅಕ್ಕ ನೋಡುತ್ತಿದ್ದಂತೆ ಉಬ್ಬು ನಡುಗಿತು, ಒಳಕ್ಕೆ ಸರಿಯಿತು, ಡಬ್ಬಿಯ ಮುಚ್ಚಳ ಒತ್ತಿದಾಗ ಆಗುವಂಥ ಒಂದು ಸದ್ದಿನೊಡನೆ ಪೂರಾ ಆ ಕಡೆಗೆ ತಿರುಗಿ ಉಬ್ಬಿತು. ಬಣ್ಣ ಅವಳ ಕಣ್ಣೆದುರೇ ಇಳಿಯತೊಡಗಿತು. ಮೇಲಿನಿಂದ ಕೆಳಕ್ಕೆ, ಹಸಿರು. ಇದು ಹೀಗಾಗಬಾರದಿತ್ತು ಎಂದು ಒಂದು ಕ್ಷಣ ಅನ್ನಿಸಿತು. ಎದ್ದು ಹೋಗಿ ಏನೋ ಮಾಡಬೇಕು, ಯಾರನ್ನೋ ಕೂಗಬೇಕು. ಯಾರನ್ನು ಕೂಗಬೇಕು ಎನ್ನುವಷ್ಟರಲ್ಲಿ ಆತುರವೂ ಇಳಿದುಹೋಯಿತು. ಮೈ ಹಗುರಾಯಿತು. ಹಾಸಿಗೆ ಹಾಸಿಕೊಂಡು ಮಲಗಿದಳು.

ಬೆಳಿಗ್ಗೆ ಎದ್ದು ಸಕ್ಕರೆ ಹಾಕಿದ ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ, ಆ ತುದಿಯ ಬಾಗಿಲಿಂದ ಹೆಂಗಸೊಬ್ಬಳು ಘಟಕದ ಸಮವಸ್ತ್ರ ತೊಟ್ಟು, ಮಗುವಿನ ಕೈ ಹಿಡಿದು ಹೊರಟಳು. ಎಡಗೈ ಮೇಲೆ ಕಾಸಿನಗಲದ ಕಲೆ. ಮಗುವನ್ನು ಶಾಲೆಯ ದಾರಿಗೆ ಬಿಟ್ಟಳು, ಬಸ್ಸು ಬಂದಿತು, ದಿನಾ ಹೋಗಿ ಬರುವವಳ ಹಾಗೆ ಹತ್ತಿಹೋದಳು. "ಅಕ್ಕ ಇವತ್ತು ತಿಂಡಿ ಡಬ್ಬಿ ಮರೆತಳಲ್ಲ," ಎಂದುಕೊಂಡಳು ಬಾಗಿಲಲ್ಲಿ ನಿಂತವಳು. ಇನ್ನು ಇವಳನ್ನು ಏನೆಂದು ಕರೆಯುವುದು ಎಂದು ಕಥೆ ಹೇಳುವ ನನಗೂ ತಿಳಿಯದು. ಒಳಗೆ ಹೋಗಿ ಮಿಷನ್ನಿನ ಮುಂದೆ ಕೂತಳು. ಸೊಟ್ಟಗಾಗಿದ್ದ ತೋಳನ್ನು ಬಿಚ್ಚಿ ನೆಟ್ಟಗೆ ಹೊಲಿದಳು. ಕೆಲಸ ಸರಾಗವಾಗಿ ಸಾಗಿತು, ಮನಸ್ಸಿಗೆ ಯಾವ ತೊಂದರೆಯೂ ಇರಲಿಲ್ಲ.

ಶಾಲೆ ಬಿಟ್ಟ ಹೊತ್ತಿಗೆ ಗುಬ್ಬಿ ಬಂದಳು. ಚೀಲ ಎಸೆದಳು. "ಚಿಕ್ಕಮ್ಮಾ, ಅಮ್ಮ ಎಷ್ಟೊತ್ತಿಗೆ ಬರ್ತಾಳೆ?"

"ದೀಪ ಹಾಕೋದ್ರೊಳಗೆ ಬರ್ತಾಳೆ ಕಣೇ. ಕೈಕಾಲು ತೊಳ್ಕೊಂಡು ಬಾ."

ಗುಬ್ಬಿ ಕೈಕಾಲು ತೊಳೆದು ಬಂದು, ಒದ್ದೆ ಕಾಲಲ್ಲೇ ಅವಳ ತೊಡೆ ಏರಿ ಕೂತಳು. ಅವಳು ಮಗುವಿನ ನೆತ್ತಿಗೆ ಮುಖ ಒತ್ತಿದಳು. ಬಿಸಿಲಿನ, ಬೆವರಿನ, ಸೀಮೆಸುಣ್ಣದ ವಾಸನೆ. ಎಲ್ಲಿಂದಲೋ ನೀರು ಉಕ್ಕಿ ಬಂತು, ಕಣ್ಣಿಂದ ಧಾರಾಕಾರ ಸುರಿಯಿತು, ಒರೆಸಿದಷ್ಟೂ ಸುರಿಯಿತು.

"ಯಾಕಳ್ತೀಯ ಚಿಕ್ಕಮ್ಮಾ?"

"ಗೊತ್ತಿಲ್ಲ ಕಣೇ." ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮೂಗು ಒರೆಸಿಕೊಂಡು ನಗಲು ನೋಡಿದಳು. "ನಿನ್ನಂಥ ಮಗಳೊಬ್ಳು ನಂಗೂ ಇದ್ದಿದ್ರೆ ಅನ್ನಿಸ್ತು. ಅಷ್ಟೇ."

ಗುಬ್ಬಿ ಅವಳ ಕೆನ್ನೆಯನ್ನು ಅಂಗೈಯಿಂದ ಒರೆಸಿದಳು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಬಸ್ಸಿನ ಸದ್ದಾಯಿತು. "ಅಮ್ಮ ಬಂದ್ಲು!" ಎಂದು ತೊಡೆಯಿಂದ ಧುಮುಕಿ, ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.